ಸೋತವರ ಹಾಸ್ಟೆಲು

2019ರ ಸೆಪ್ಟೆಂಬರಿನಲ್ಲಿ 'ಛಿಛೋರೆ' ಬಂದಾಗ ನನ್ನನ್ನು ಥಾಣೆಯ ಥಿಯೇಟರಿಗೆ ಎಳೆದುಕೊಂಡು ಹೋದವನು ನನ್ನ ಮಗ. ಹಿಂದಿ ಸಿನಿಮಾ ಅಂದರೆ ನನಗೆ ಅಷ್ಟಕ್ಕಷ್ಟೆ. ಒಂದು ಟಿಕೆಟ್ಟಿನ ದುಡ್ಡಿಗೆ ಮಾಟುಂಗಾದಲ್ಲಿ ಮನೆಮಂದಿಯೆಲ್ಲ ಇಡ್ಲಿ-ವಡೆ ತಿನ್ನಬಹುದಲ್ಲ ಎನ್ನುವ ಲೆಕ್ಕದ ಮನುಷ್ಯ ನಾನು. ಒಳಗೆ ಕೂತು ನೋಡಿದರೆ ಮುಂದಿನ ಸಾಲಿನಲ್ಲಿ ನಲವತ್ತು ದಾಟಿದ ಏಳೆಂಟು ಗಂಡಸರು. ಬೋಳು ತಲೆ, ಮುಂದೆ ಬಂದ ಹೊಟ್ಟೆ. ಪರದೆ ಮೇಲೆ ಹಾಸ್ಟೆಲ್ ಮೆಸ್ಸಿನ ಊಟ ಕಂಡದ್ದೇ ತಡ, ಹೋ ಎಂದು ಕೂಗಿ ಒಬ್ಬರ ಬೆನ್ನಿಗೆ ಒಬ್ಬರು ಗುದ್ದಿಕೊಳ್ಳತೊಡಗಿದರು. ಹಳೇ ಹಾಸ್ಟೆಲಿಗರೇ ಇರಬೇಕು. ನನಗೆ ನಗುವೂ ಬಂತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಯಾಕೆಂದರೆ ನೆನೆಸಿಕೊಂಡು ಕೂಗಲು ನನಗೆ ಕಾಲೇಜಿನ ದಿನಗಳೇ ಇಲ್ಲ. ಹಗಲು ಕೆಲಸ, ರಾತ್ರಿ ಶಾಲೆ, ಮಲಗಲು ಐದು ಜನರ ಖೋಲಿ. ನನ್ನ ಕಾಲದಲ್ಲಿ ಊರು ಬಿಟ್ಟು ಇಲ್ಲಿಗೆ ಬಂದ ಬಹಳ ಹುಡುಗರು ಓದಿದ್ದು ಹೀಗೇ ಮಾರಾಯ್ರೆ.

'ಛಿಛೋರೆ' ಅಂದರೆ ಪೋಲಿಗಳು, ಹಗುರ ಬುದ್ಧಿಯವರು ಎಂದರ್ಥ. ನಿರ್ದೇಶಕ ನಿತೇಶ್ ತಿವಾರಿ. 'ದಂಗಲ್' ತೆಗೆದವರು. ಸ್ವತಃ ಐಐಟಿ ಬಾಂಬೆಯಲ್ಲಿ ಓದಿ 1996ರಲ್ಲಿ ಹೊರಬಿದ್ದವರು. ಹಾಗಾಗಿ ಚಿತ್ರದಲ್ಲಿನ ಹಾಸ್ಟೆಲು, ಅಡ್ಡಹೆಸರು, ಹಾಸ್ಟೆಲುಗಳ ನಡುವಿನ 'ಜಿಸಿ' ಪಂದ್ಯಾವಳಿ, ಎಲ್ಲ ಉಂಡವರೇ ಬಡಿಸಿದ ಅಡಿಗೆ. ಕತೆ ಇಷ್ಟು: ಅನಿರುದ್ಧನ ಮಗ ಪ್ರವೇಶ ಪರೀಕ್ಷೆಯಲ್ಲಿ ಸೋತು, ಪ್ರಾಣ ಕಳೆದುಕೊಳ್ಳಲು ಹೋಗಿ ಆಸ್ಪತ್ರೆ ಸೇರಿದ್ದಾನೆ. ತನ್ನನ್ನು ಎಲ್ಲರೂ 'ಲೂಸರ್' ಅನ್ನುತ್ತಾರೆ ಎಂಬ ಭಯ ಅವನಿಗೆ. ಅಪ್ಪ ತನ್ನ ಹಳೇ ಗೆಳೆಯರನ್ನೆಲ್ಲ ಕರೆಸಿ, ಮಂಚದ ಪಕ್ಕ ಕೂತು, ಕಾಲೇಜಿನಲ್ಲಿ ತಾವೇ ಹೇಗೆ 'ಲೂಸರ್' ಅನ್ನಿಸಿಕೊಂಡಿದ್ದೆವು ಎಂಬ ಕತೆ ಹೇಳುತ್ತಾನೆ. ಸದಾ ಕೊನೆಯಲ್ಲಿರುವ ನಾಲ್ಕನೇ ಹಾಸ್ಟೆಲು, ಗೆಲ್ಲಲು ಅವರು ಹೂಡುವ ಕಿಲಾಡಿ ಉಪಾಯಗಳು, ಒಬ್ಬೊಬ್ಬ ಒಂದೊಂದು ಚಟ ಬಿಡುವ ಶಪಥ. ನಕ್ಕೂ ನಕ್ಕೂ ಸಾಕಾಗುತ್ತದೆ.

ಅಂದ ಹಾಗೆ, ಈ ಪೊವಾಯಿಯ ಹಿನ್ನೆಲೆಯನ್ನೂ ಸ್ವಲ್ಪ ಹೇಳಬೇಕು. ಪೊವಾಯಿ ಕೆರೆ 1891ರಲ್ಲಿ ಮುಂಬಯಿಗೆ ಕುಡಿಯುವ ನೀರು ಕೊಡಲೆಂದು ಬ್ರಿಟಿಷರು ಕಟ್ಟಿಸಿದ್ದು. ನೀರು ಕುಡಿಯಲು ಯೋಗ್ಯವಾಗಲಿಲ್ಲ, ಕೆರೆ ಉಳಿಯಿತು. ಐಐಟಿಯ ಮೊದಲ ತಂಡ ಶುರುವಾದದ್ದು ಅಲ್ಲಲ್ಲ, ವರಳಿಯ ಒಂದು ತಾತ್ಕಾಲಿಕ ಜಾಗದಲ್ಲಿ, 1958ರ ಜುಲೈ 25ರಂದು. ನೂರು ಹುಡುಗರು. ಯುನೆಸ್ಕೋ ಮೂಲಕ ಸೋವಿಯತ್ ರಷ್ಯಾದ ಯಂತ್ರಗಳೂ ತಜ್ಞರೂ ಬಂದರು. ಪೊವಾಯಿಯಲ್ಲಿ ನೆಹರೂ ಅಡಿಗಲ್ಲಿಟ್ಟದ್ದು 1959ರ ಮಾರ್ಚ್ 10ರಂದು. ಆಗ ಅದು ಊರಾಚೆಯ ಕಾಡು. ಕಾಡಿನ ನಡುವೆ ಹುಡುಗರನ್ನು ತಂದು ಹಾಕಿದರೆ ಹಾಸ್ಟೆಲೇ ಊರು, ಹಾಸ್ಟೆಲೇ ಜಾತಿ ಆಗದೆ ಇನ್ನೇನಾದೀತು!

ದೊಡ್ಡವರು ಮತ್ತೆ ಕಾಲೇಜು ಹುಡುಗರಾಗುವ ಹಾಸ್ಯ ಹೊಸತೇನೂ ಅಲ್ಲ. ಅಮೆರಿಕದಲ್ಲಿ 1978ರಲ್ಲಿ 'ಅನಿಮಲ್ ಹೌಸ್' ಬಂತು. ಅದರ ಮೂವರು ಬರಹಗಾರರಲ್ಲಿ ಒಬ್ಬರಾದ ಕ್ರಿಸ್ ಮಿಲ್ಲರ್, ಡಾರ್ಟ್‌ಮತ್ ಕಾಲೇಜಿನಲ್ಲಿ ತಾವು ಕಂಡ ಪುಂಡಾಟಗಳನ್ನೇ ಕತೆಯಾಗಿಸಿದ್ದರು. ಸಣ್ಣ ಬಂಡವಾಳದ ಆ ಚಿತ್ರ ಹತ್ತು ಕೋಟಿ ಡಾಲರಿಗೂ ಮೀರಿ ಗಳಿಸಿತು. ಅದರ ನಿರ್ಮಾಪಕರಲ್ಲಿ ಒಬ್ಬರಾದ ಐವನ್ ರೈಟ್‌ಮನ್ ಅವರ ಬೆಂಬಲದಲ್ಲೇ 2003ರಲ್ಲಿ ಟಾಡ್ ಫಿಲಿಪ್ಸ್ 'ಓಲ್ಡ್ ಸ್ಕೂಲ್' ತೆಗೆದರು. ಮೂವತ್ತು ದಾಟಿದ ಮೂವರು ಕಾಲೇಜಿನ ಬಳಿ ಮನೆ ಹಿಡಿದು ಮತ್ತೆ ಹುಡುಗಾಟಕ್ಕಿಳಿಯುವ ಕತೆ. ಅಲ್ಲಿನ ಗಂಡಸರು ಸಂಸಾರದಿಂದ ಓಡಿಹೋಗಿ ಕಾಲೇಜಿಗೆ ಬರುತ್ತಾರೆ. ನಮ್ಮಲ್ಲಿ 2009ರ 'ತ್ರೀ ಈಡಿಯಟ್ಸ್'ನಲ್ಲಿ ಹಳೇ ಗೆಳೆಯನನ್ನು ಹುಡುಕಿ ಹೊರಡುತ್ತಾರೆ. 'ಛಿಛೋರೆ'ಯಲ್ಲಿ ಮಾತ್ರ ಸಂಸಾರವೇ ಅವರನ್ನು ಎಳೆದು ತರುತ್ತದೆ, ಐಸಿಯು ಬಾಗಿಲಿಗೆ. ಮೋಜಿಗಲ್ಲ, ಒಂದು ಜೀವ ಉಳಿಸಲು ಅವರು ಹುಡುಗರಾಗಬೇಕಾಗಿದೆ.

ಇಲ್ಲಿಯೇ ನನಗೆ ಈ ಚಿತ್ರದ ನಿಜವಾದ ಇತಿಹಾಸ ಕಾಣುವುದು. ಅಪ್ಪ ದಾಟಿದ್ದು ಮತ್ತು ಮಗ ದಾಟಲಾಗದ್ದು ಒಂದೇ ಹೆಸರಿನ ಬಾಗಿಲು. ಆದರೆ ಆ ಬಾಗಿಲಿಗೆ ಹೋಗುವ ದಾರಿ ಇಪ್ಪತ್ತೈದು ವರ್ಷಗಳಲ್ಲಿ ಪೂರ್ತಿ ಬದಲಾಗಿತ್ತು. ಹಿಂದೆಲ್ಲ ಮದರಾಸಿನ ಬ್ರಿಲಿಯಂಟ್ ಟ್ಯುಟೋರಿಯಲ್ಸ್‌ನಿಂದ ಅಂಚೆಯಲ್ಲಿ ಬರುತ್ತಿದ್ದ ಪಾಠದ ಕಟ್ಟುಗಳೇ ದೊಡ್ಡ ಆಸರೆ. ಆಮೇಲೆ ಕೋಟಾ ಬಂತು. ಅಲ್ಲಿನ ಜೆ.ಕೆ. ಸಿಂಥೆಟಿಕ್ಸ್‌ನಲ್ಲಿ ಎಂಜಿನಿಯರಾಗಿದ್ದ ವಿ.ಕೆ. ಬನ್ಸಲ್ ಸ್ನಾಯು ಕ್ಷೀಣಿಸುವ ಕಾಯಿಲೆಗೆ ಸಿಕ್ಕಿ, ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳಲು ಶುರುಮಾಡಿದರು. 1991ರಲ್ಲಿ ಅದು ಬನ್ಸಲ್ ಕ್ಲಾಸಸ್ ಆಯಿತು. 1997ರಲ್ಲಿ ಕಾರ್ಖಾನೆ ಮುಚ್ಚಿತು, ಊರು ಕೋಚಿಂಗನ್ನೇ ಕಾರ್ಖಾನೆ ಮಾಡಿಕೊಂಡಿತು. ಒಬ್ಬ ಕಾಯಿಲೆಯ ಮನುಷ್ಯ ಬದುಕಲು ಹಿಡಿದ ದಾರಿ ಲಕ್ಷಾಂತರ ಮಕ್ಕಳ ಹೆದ್ದಾರಿಯಾದದ್ದು ಹೀಗೆ. ಪರೀಕ್ಷೆಯೂ 2006ರಲ್ಲಿ ಪೂರ್ತಿ ಸರಿಯುತ್ತರ ಆರಿಸುವ ಮಾದರಿಗೆ ಬಂತು. 2013ರಲ್ಲಿ ಮೇನ್, ಅಡ್ವಾನ್ಸ್ಡ್ ಎಂದು ಎರಡು ಮೆಟ್ಟಿಲಾಯಿತು. ಚಿತ್ರ ಬಂದ 2019ರಲ್ಲಿ ಎರಡನೇ ಮೆಟ್ಟಿಲು ಹತ್ತಿ ಪರೀಕ್ಷೆ ಬರೆದವರೇ ಒಂದೂವರೆ ಲಕ್ಷಕ್ಕಿಂತ ಹೆಚ್ಚು. ಐಐಟಿಗಳ ಸೀಟು ಎಲ್ಲ ಸೇರಿ ಹದಿಮೂರು ಸಾವಿರದ ಆಸುಪಾಸು. ಅಂದರೆ ಸೋಲುವವರೇ ಬಹುಮತ. ಲೆಕ್ಕ ಇಷ್ಟು ಸರಳವಾಗಿದ್ದರೂ ಸೋತವನಿಗೆ ತಾನೊಬ್ಬನೇ ಸೋತೆ ಅನ್ನಿಸುತ್ತದಲ್ಲ!

ಚಿತ್ರದ ನಡುವೆ ಅಪ್ಪ ಒಂದು ಮಾತು ಒಪ್ಪಿಕೊಳ್ಳುತ್ತಾನೆ. ಮಗ ಪಾಸಾದರೆ ಹೇಗೆ ಸಂಭ್ರಮಿಸೋಣ ಎಂದು ಮೊದಲೇ ಯೋಚಿಸಿಟ್ಟಿದ್ದೆ, ಪಾಸಾಗದಿದ್ದರೆ ಏನು ಮಾಡೋಣ ಎಂದು ಅವನಿಗೆ ಹೇಳಿಯೇ ಇರಲಿಲ್ಲ ಎಂಬರ್ಥದ ಮಾತು. ನಾನು ಪಕ್ಕದಲ್ಲಿ ಕೂತ ಮಗನ ಕಡೆ ತಿರುಗಲಿಲ್ಲ. ತಿರುಗಲು ಧೈರ್ಯ ಇರಲಿಲ್ಲ ಅನ್ನಿ. ಅವನು ಬರೆದದ್ದು 2011ರಲ್ಲಿ. ಎರಡು ವರ್ಷ ಕ್ಲಾಸು, ನನ್ನ ಪಿಎಫ್‌ನಿಂದ ತೆಗೆದ ದುಡ್ಡು. ಫಲಿತಾಂಶದ ದಿನ ಅವನ ನಂಬರು ಪಟ್ಟಿಯಲ್ಲಿ ಇರಲಿಲ್ಲ. ನಾನು ಬೈಯಲಿಲ್ಲ. ಮೂರು ದಿನ ಮಾತೇ ಆಡಲಿಲ್ಲ, ಅಷ್ಟೆ. ಬೈಯದೆ ಇದ್ದದ್ದೇ ನನ್ನ ದೊಡ್ಡತನ ಎಂದು ಬಹಳ ಕಾಲ ತಿಳಿದಿದ್ದೆ. ಊರಿನಿಂದ ಫೋನು ಬಂದಾಗ "ರಿಸಲ್ಟು ಇನ್ನೂ ಬರಲಿಲ್ಲ" ಎಂದು ಸುಳ್ಳು ಹೇಳಿದೆ. ಒಳಗಿನ ಕೋಣೆಯಲ್ಲಿ ಅವನಿಗೆ ಅದು ಕೇಳಿಸುತ್ತಿತ್ತು. ನಾನು ಕಾಣದ ಹಾಸ್ಟೆಲನ್ನು ಅವನು ಕಾಣಲಿ ಎಂದು ಆಸೆಪಟ್ಟವನು ನಾನು. ಆ ಹಾಸ್ಟೆಲಿನ ಬಾಡಿಗೆಯನ್ನು ಹದಿನೇಳು ವರ್ಷದ ಹುಡುಗನ ತಲೆಯ ಮೇಲೆ ಹೇರಿದ್ದೆ.

ಇತಿಹಾಸ ಅಲ್ಲಿಗೇ ನಿಲ್ಲಲಿಲ್ಲ. ಸರಕಾರದ್ದೇ ಅಪರಾಧ ದಾಖಲೆ ವಿಭಾಗದ ಪ್ರಕಾರ 2019ರಲ್ಲಿ ನಮ್ಮ ದೇಶದಲ್ಲಿ ತಾವಾಗಿ ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳು 10,335. 2021ರಲ್ಲಿ 13,089. 2023ರ ಆಗಸ್ಟಿನಲ್ಲಿ, ಎರಡು ತಿಂಗಳು ಪರೀಕ್ಷೆಗಳನ್ನೇ ನಡೆಸಬೇಡಿ ಎಂದು ಕೋಟಾ ಜಿಲ್ಲಾಡಳಿತ ಕೋಚಿಂಗಿನವರಿಗೆ ಹೇಳಬೇಕಾಗಿ ಬಂತು. ಇನ್ನು ಆ ಅಪ್ಪನ ಪಾತ್ರ ಮಾಡಿದ ಸುಶಾಂತ್ ಸಿಂಗ್ ರಜಪೂತ್, ಚಿತ್ರ ಬಂದು ವರ್ಷ ತುಂಬುವ ಮೊದಲೇ, 2020ರ ಜೂನ್ 14ರಂದು ಬಾಂದ್ರಾದ ಮನೆಯಲ್ಲಿ ತೀರಿಕೊಂಡರು. ಮೂವತ್ತನಾಲ್ಕು ವರ್ಷ. ಟಿವಿಯವರು ತಿಂಗಳುಗಟ್ಟಲೆ ಎಬ್ಬಿಸಿದ ಗದ್ದಲ ನಿಮಗೆ ಗೊತ್ತೇ ಇದೆ. ಚಿತ್ರಕ್ಕೆ 2021ರ ಮಾರ್ಚಿನಲ್ಲಿ ಅತ್ಯುತ್ತಮ ಹಿಂದಿ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪ್ರಕಟವಾದಾಗ ಖುಷಿಪಡಲು ಅವರಿರಲಿಲ್ಲ.

ಕೊನೆಗೆ ನಾಲ್ಕನೇ ಹಾಸ್ಟೆಲು ಗೆಲ್ಲುವುದಿಲ್ಲ. ಕೂದಲೆಳೆಯಲ್ಲಿ ಸೋಲುತ್ತದೆ. ಮುಂದಿನ ಸಾಲಿನ ಬೋಳುತಲೆಗಳು ಆಗ ಮಾತ್ರ ಕೂಗಲಿಲ್ಲ, ಸುಮ್ಮನೆ ಕೂತಿದ್ದವು. ಹೊರಗೆ ಬಂದ ಮೇಲೆ ಚಹಾ ಕುಡಿಯುತ್ತಾ ಮಗನಿಗೆ ಹೇಳಿದೆ: "ಆ ಮೂರು ದಿನ ನಾನು ಮಾತಾಡಬೇಕಿತ್ತು." ಎಂಟು ವರ್ಷ ತಡವಾಗಿ. ಅವನು ಈಗ ಚೆನ್ನಾಗಿಯೇ ಇದ್ದಾನೆ, ಸಾಧಾರಣ ಕಾಲೇಜು, ಸಾಧಾರಣ ಕೆಲಸ, ನಗುವುದಕ್ಕೆ ಗೆಳೆಯರೂ ಇದ್ದಾರೆ. ಗ್ಲಾಸನ್ನು ಕಟ್ಟೆಯ ಮೇಲಿಟ್ಟು, "ಗೊತ್ತು ಪಪ್ಪಾ, ಅದಕ್ಕೇ ನಿಮ್ಮನ್ನು ಕರ್ಕೊಂಡು ಬಂದದ್ದು" ಅಂದ.

ನಿಮ್ಮ ಮನೆಯಲ್ಲೂ ಈ ವರ್ಷ ಪರೀಕ್ಷೆ ಬರೆಯುವ ಮಕ್ಕಳಿದ್ದರೆ, ಫಲಿತಾಂಶಕ್ಕೆ ಮುಂಚೆಯೇ ಒಂದು ಸಂಜೆ ಕೂತು ಮಾತಾಡಿ. ಗೆದ್ದರೆ ಏನು ಎನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. ಇನ್ನೊಂದನ್ನು ಹೇಳಿ.