ಓದು ಬಾರದ ಕೈಗೆ ಹಣ

ಶ್ರೀರಂಗಪಟ್ಟಣವೆಂದೊಡನೆ ನಮ್ಮ ನೆನಪಿಗೆ ಬರುವುದು ಕೋಟೆ, ಕಾವೇರಿ, ರಂಗನಾಥ, 1799ರ ಮುತ್ತಿಗೆ. ಅಲ್ಲೊಂದು ಟಂಕಸಾಲೆಯೂ ಇತ್ತೆಂಬುದನ್ನು ನೆನೆಯುವವರು ವಿರಳ. ಕಂಠೀರವ ನರಸರಾಜ ಒಡೆಯರು (1638-1659) ಹೊಡೆಸಿದ ಕಂಠೀರಾಯ ಹಣ ಕಿರುಬೆರಳಿನ ಉಗುರಿನಷ್ಟೂ ಇಲ್ಲದ ಚಿನ್ನದ ತುಣುಕು. ಅದರ ಮೇಲೆ ನರಸಿಂಹನ ಮೂರ್ತಿ. ಅದನ್ನು ಗುರುತಿಸಲು ರೈತನಿಗೆ ಅಕ್ಷರ ಬೇಕಾಗಿರಲಿಲ್ಲ, ಕಣ್ಣು ಸಾಕಾಗಿತ್ತು.

ಹೈದರಾಲಿಯ ನಾಣ್ಯ ಇದಕ್ಕಿಂತ ಸ್ವಾರಸ್ಯವಾದದ್ದು. 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಆತ ಕೆಳದಿಯ ನಾಯಕರ ವರಹದ ಮೇಲಿದ್ದ ಶಿವಪಾರ್ವತಿಯರ ಚಿತ್ರವನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವೊಂದನ್ನು ಮಾತ್ರ ಪಾರಸಿ ಲಿಪಿಯಲ್ಲಿ ಒತ್ತಿಸಿದ. ಹೈದರಾಲಿ ಓದುಬರಹ ಕಲಿತವನಲ್ಲ. ಜನರಿಗೆ ಪರಿಚಯವಾದ ಗುರುತನ್ನು ಕೆಡಿಸಿದರೆ ಪೇಟೆಯಲ್ಲಿ ನಾಣ್ಯ ನಡೆಯದೆಂಬುದನ್ನು ಅಕ್ಷರಸ್ಥ ಮಂತ್ರಿಗಳಿಗಿಂತ ಆತನೇ ಚೆನ್ನಾಗಿ ಬಲ್ಲವನಾಗಿದ್ದನೆಂದು ನನ್ನ ಊಹೆ.

ಮಗ ಟಿಪ್ಪು ವಿದ್ಯಾವಂತ, ಹೊಸತನದ ಹಂಬಲಿಗ. ರೂಪಾಯಿಗೆ ಇಮಾಮಿ, ತಾಮ್ರದ ಪೈಸೆಗೆ ಜೊಹ್ರಾ, ಅದರ ಅರ್ಧಕ್ಕೆ ಬಹ್ರಾಮ್ ಎಂದು ಹೆಸರಿಟ್ಟ. ಜೊಹ್ರಾ ಶುಕ್ರಗ್ರಹ, ಬಹ್ರಾಮ್ ಮಂಗಳ. 1787ರಿಂದ ಮೌಲೂದಿ ಶಕೆಯನ್ನು ಬಳಕೆಗೆ ತಂದು, ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಗ್ರಹಗಳ ಹೆಸರು ಕನ್ನಡದ ಬಾಯಲ್ಲಿ ನಿಲ್ಲಲಿಲ್ಲ. ಹಣ, ದುಡ್ಡು, ಕಾಸು ನಿಂತವು. ಆದರೆ ಅವನ ತಾಮ್ರದ ನಾಣ್ಯದ ಮೇಲೆ ಆನೆಯೊಂದು ಗಂಭೀರವಾಗಿ ನಡೆಯುತ್ತಿತ್ತು. ಬಡವನಿಗೆ ಆ ಆನೆಯೇ ಸಾಕಾಗಿದ್ದೀತು. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸಿನ ಮೇಲೆ ಕನ್ನಡ, ಪಾರಸಿ, ಇಂಗ್ಲಿಷು ಮೂರೂ ಕಿಕ್ಕಿರಿದು ಕುಳಿತವು. ಮೂರನ್ನೂ ಓದಲಾರದವನಿಗೆ ಅಲ್ಲಿಯೂ ಆನೆ, ಸಿಂಹಗಳಿದ್ದವು.

ಈ ಹಳೆಯ ಕಾಸುಗಳ ಮಾತನ್ನು ಈಗ ತೆಗೆದದ್ದಕ್ಕೆ ಕಾರಣವಿದೆ. 2016ರಲ್ಲಿ ಯುಪಿಐ ಬಂದ ಮೇಲೆ ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಸಂತೆಗಳಲ್ಲಿಯೂ ಹಣ ಗಾಜಿನ ಫಲಕದೊಳಕ್ಕೆ ಸೇರಿಕೊಂಡಿದೆ. ಆ ಹಣಕ್ಕೆ ತೂಕವಿಲ್ಲ, ಅಂಚಿಲ್ಲ, ಆನೆಯಿಲ್ಲ, ಇರುವುದೆಲ್ಲ ಬರಹ. ಹಿಂದೆ ಟಂಕಸಾಲೆಯವರು ಕಣ್ಣಂದಾಜಿನಲ್ಲಿ ಬಿಡಿಸಿಕೊಂಡ ಪ್ರಶ್ನೆಯನ್ನು ಈಗ ಸಂಶೋಧಕರು ಜನರ ನಡುವೆ ಕುಳಿತು ಬಿಡಿಸಬೇಕಾಗಿದೆ.

ಯುಪಿಐಗೆ ಹತ್ತು ವರ್ಷ ಮೊದಲೇ ನಮ್ಮ ಬೆಂಗಳೂರಿನಲ್ಲಿ ಈ ಕೆಲಸ ಆರಂಭವಾಗಿತ್ತೆಂಬುದು ಅನೇಕರಿಗೆ ತಿಳಿಯದು. ಅಲ್ಲಿಯ ಮೈಕ್ರೋಸಾಫ್ಟ್ ಸಂಶೋಧನಾಲಯದ ಇಂದ್ರಾಣಿ ಮೇಧಿ ಮತ್ತು ಸಂಗಡಿಗರು ಕೊಳೆಗೇರಿಯ ಮನೆಗೆಲಸದ ಹೆಂಗಸರೊಡನೆ ಕುಳಿತು, ಅಕ್ಷರವಿಲ್ಲದ ಪರದೆಯನ್ನು ರೂಪಿಸಲು ಹೊರಟರು. ಒಂದು ಸಣ್ಣ ಸಂಗತಿ ನನ್ನನ್ನು ಬಹಳವಾಗಿ ಸೆಳೆಯಿತು. ಪಾತ್ರೆ ತೊಳೆಯುವ ಕೆಲಸವನ್ನು ಸೂಚಿಸಲು ತೊಟ್ಟಿ, ನಲ್ಲಿಗಳ ಚಿತ್ರ ಬರೆದರೆ ನೋಡಿದವರು ಅದನ್ನು ಅಡುಗೆಮನೆಯೆಂಬ ಸ್ಥಳವೆಂದು ತಿಳಿದರು. ನಲ್ಲಿಯಿಂದ ನೀರು ಸುರಿಯುವಂತೆ ಬರೆದಾಗ ಮಾತ್ರ ಅದು ಕೆಲಸವಾಯಿತು! ವ್ಯಾಕರಣ ಬಲ್ಲವರ ಮಾತಿನಲ್ಲಿ ಹೇಳುವುದಾದರೆ, ನಾಮಪದವು ಕ್ರಿಯಾಪದವಾಗಲು ಒಂದು ಧಾರೆ ನೀರು ಬೇಕಾಯಿತು. ಕೋಣೆಯೊಳಗೆ ಕುಳಿತ ಚಿತ್ರಕಾರನಿಗೆ ಇದು ಹೊಳೆಯುವಂತಿರಲಿಲ್ಲ.

2009ರಲ್ಲಿ ಇದೇ ತಂಡ ಮೊಬೈಲಿನಲ್ಲಿ ಹಣ ಕಳುಹಿಸುವ ಬಗೆಯನ್ನೇ ಪರೀಕ್ಷಿಸಿ ಪ್ರಕಟಿಸಿತು. ಭಾರತ, ಕೀನ್ಯಾ, ಫಿಲಿಪ್ಪೀನ್ಸ್, ದಕ್ಷಿಣ ಆಫ್ರಿಕಗಳಲ್ಲಿ 90 ಜನರನ್ನು ಕಂಡು ವಿಚಾರಿಸಿದರು. ಭಾರತದಲ್ಲಿ 58 ಜನರ ಕೈಗೆ ಮೂರು ಬಗೆಯ ಪರದೆಗಳನ್ನು ಕೊಟ್ಟು ನೋಡಿದರು. ಬರಿಯ ಬರಹದ ಪಟ್ಟಿ ಓದು ಬಾರದವರಿಗೆ ನಿರುಪಯುಕ್ತವಾಯಿತು. ಚಿತ್ರ, ಧ್ವನಿಗಳು ಕೂಡಿದ್ದರಲ್ಲಿ ಕೆಲಸ ಮುಗಿಸಿದವರು ಹೆಚ್ಚು. ಮಾತಿನಿಂದಲೇ ನಡೆಯುವುದರಲ್ಲಿ ವೇಗ ಹೆಚ್ಚು, ಪರರ ನೆರವು ಕಡಿಮೆ. ಇಷ್ಟು ಮೊದಲೇ ತಿಳಿದಿದ್ದರೂ, ಸಾದಾ ಫೋನಿನಲ್ಲಿ ಧ್ವನಿಯ ಮೂಲಕ ಹಣ ಕಳುಹಿಸುವ ಯುಪಿಐ 123ಪೇ ಬಂದದ್ದು 2022ರ ಮಾರ್ಚಿನಲ್ಲಿ.

ಇನ್ನೊಂದು ತೊಡಕು ಹೆಚ್ಚು ಕಠಿಣವಾದದ್ದು. ಕಾಸಿನ ಕಾಲದಲ್ಲಿ ಕೊಡುವ ಕೈ ಬೇರೆ, ಚಾಚುವ ಕೈ ಬೇರೆ. ಗಾಜಿನ ಮೇಲೆ ಎರಡೂ ಒಂದೇ ತೆರನಾಗಿ ಕಂಡವು. ಹಣ ಬರುತ್ತದೆಂದು ನಂಬಿಸಿ ಬೇಡಿಕೆಯೊಂದನ್ನು ಕಳುಹಿಸಿ, ಗುಟ್ಟಿನ ಅಂಕಿ ಒತ್ತಿಸಿ, ಇದ್ದುದನ್ನೂ ಕೊಂಡೊಯ್ದ ವಂಚಕರು ಈ ದೋಷವನ್ನು ರೂಪಕಾರರಿಗಿಂತ ಮೊದಲೇ ಅಧ್ಯಯನ ಮಾಡಿದ್ದರು ಎನ್ನಬೇಕು. ವ್ಯಕ್ತಿಗಳ ನಡುವಿನ ಇಂಥ ಬೇಡಿಕೆಯನ್ನು ರಾಷ್ಟ್ರೀಯ ಪಾವತಿ ನಿಗಮ ನಿಲ್ಲಿಸಿದ್ದು 2025ರ ಅಕ್ಟೋಬರ್ 1ರಿಂದ. ಒಂಬತ್ತು ವರ್ಷ ಹಿಡಿಯಿತು.

ಕಳೆದ ಬೇಸಗೆಯಲ್ಲಿ ನಾಗಮಂಗಲದ ಸಂತೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದೆ. ನನ್ನ ಮುಂದಿದ್ದ ಹುಡುಗ ಹಣ ಕಳುಹಿಸಿ ಫೋನನ್ನು ಅಜ್ಜಿಯ ಕಣ್ಣೆದುರು ಹಿಡಿದ. ಆಕೆ ಅದರತ್ತ ನೋಡಲೂ ಇಲ್ಲ. "ಪೆಟ್ಟಿಗೆ ಇನ್ನೂ ಕೂಗ್ನಿಲ್ಲ ಕನಪ್ಪ" ಎಂದು ಸೊಪ್ಪಿನ ಕಟ್ಟನ್ನು ಹಿಡಿದೇ ಇದ್ದಳು. ಬುಟ್ಟಿಯ ಪಕ್ಕದ ಪೆಟ್ಟಿಗೆ ಕನ್ನಡದಲ್ಲಿ ಇಪ್ಪತ್ತು ರೂಪಾಯಿ ಎಂದು ನುಡಿದ ಮೇಲೆಯೇ ಕಟ್ಟು ಚೀಲಕ್ಕಿಳಿಯಿತು. ಆ ಧ್ವನಿ ಆಕೆಯ ಪಾಲಿಗೆ ನಾಣ್ಯದ ಮೇಲಿನ ಆನೆ.

ಹಾಗೆ ಬಂದದ್ದನ್ನು ಖರ್ಚು ಮಾಡುವುದು ಹೇಗೆಂದು ಕೇಳಿದೆ. ಫೋನೂ ಗುಟ್ಟಿನ ಅಂಕಿಯೂ ಮೊಮ್ಮಗನ ಬಳಿ ಇವೆಯಂತೆ. "ಅವ್ನು ಮೈಸೂರಿಗೆ ಹೋದ ದಿನ ನನ್ ದುಡ್ಡು ನಂಗೇ ಸಿಕ್ಕಾಕಿಲ್ಲ ಕನ್ ಸೋಮಿ" ಎಂದು ನಕ್ಕು, ಮುಂದಿನ ಗಿರಾಕಿಯತ್ತ ತಿರುಗಿದಳು.