ಪೈಪು, ಹ್ಯಾಟು, ಟ್ಯಾಗು

“ತಂಗೀ, ಮೊದಲ ಪೈಪ್ ಎಣಸು. ಆಮ್ಯಾಲ ಓದು.”

2003ರಲ್ಲಿ ಬೆಂಗಳೂರಿನ ಒಂದು ಕಂಪನಿಗೆ ಸೇರಿದ ವಾರವೇ ನನ್ನ ಟೀಮ್ ಲೀಡು ಹೇಳಿಕೊಟ್ಟ ಪಾಠ ಇದು. ಅವರು ಧಾರವಾಡದವರು. ಅಮೆರಿಕದ ಕ್ಲೈಂಟಿನ ಹತ್ತಿರ ಇಂಗ್ಲಿಷು, ನಮ್ಮ ಹತ್ತಿರ ಅಪ್ಪಟ ಧಾರವಾಡ. ಪರದೆಯ ಮೇಲಿದ್ದದ್ದು ರೋಗಿಯೊಬ್ಬರು ಆಸ್ಪತ್ರೆಗೆ ದಾಖಲಾದ ಸುದ್ದಿ. ಆದರೆ ನನಗೆ ಕಂಡದ್ದು ಸುದ್ದಿಯಲ್ಲ, ಬೇಲಿ. ಸಾಲಾಗಿ ನೆಟ್ಟ ಗೂಟಗಳು: | | | |. ಪಿಐಡಿ ಎಂದು ಶುರುವಾಗುವ ಸಾಲಿನಲ್ಲಿ ಐದನೆಯ ಪೈಪು ದಾಟಿದರೆ ಹೆಸರು, ಏಳನೆಯದು ದಾಟಿದರೆ ಹುಟ್ಟಿದ ದಿನ, ಎಂಟನೆಯದು ದಾಟಿದರೆ ಹೆಣ್ಣೋ ಗಂಡೋ ಎಂಬ ವಿವರ. ಹೆಸರಿನ ನಡುವೆ ^ ಎಂಬ ಗುರುತು. ಅದನ್ನು ನಾವು ಹ್ಯಾಟು ಅನ್ನುತ್ತಿದ್ದೆವು. ಹ್ಯಾಟಿನ ಎಡಕ್ಕೆ ಮನೆತನದ ಹೆಸರು, ಬಲಕ್ಕೆ ಇಟ್ಟ ಹೆಸರು.

ಟೆಸ್ಟ್ ಮೆಸೇಜಿಗೆ ಅಮ್ಮನ ಹೆಸರು ಹಾಕಲು ಹೋಗಿ ಸಿಕ್ಕಿಬಿದ್ದೆ. ಅಮ್ಮನಿಗೆ ಮನೆತನದ ಹೆಸರೇ ಇಲ್ಲ. ಎರಡು ಇನಿಷಿಯಲ್ ಇವೆ: ಒಂದು ಊರಿನದು, ಒಂದು ತಾತನದು. “ಹ್ಯಾಟಿನ ಎಡಕ್ಕ ಹೊಳೆನರಸೀಪುರ ಹಾಕ್ತೀಯೇನು?” ಎಂದು ಲೀಡು ನಕ್ಕರು. ನಾನೂ ನಕ್ಕೆ. ಕೊನೆಗೆ ಎಡಕ್ಕೆ ಏನು ಹಾಕಿದೆನೋ ನೆನಪಿಲ್ಲ.

ಈ ಬೇಲಿ ಬಹಳ ಹಳೆಯದೇನಲ್ಲ. 1970ರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದ ದೊಡ್ಡ ಆಸ್ಪತ್ರೆಗಳಲ್ಲಿ ದಾಖಲಾತಿಗೊಂದು, ಲ್ಯಾಬಿಗೊಂದು, ಔಷಧಿ ವಿಭಾಗಕ್ಕೊಂದು ಎಂದು ಬೇರೆ ಬೇರೆ ಕಂಪನಿಗಳ ಕಂಪ್ಯೂಟರುಗಳು ಬರತೊಡಗಿದ್ದವು. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಡಾನ್ ಸಿಂಬೋರ್ಗ್ ಎಂಬ ವೈದ್ಯರು ಇವುಗಳ ನಡುವೆ ಜಾಲ ಹೆಣೆಯುವ ಕೆಲಸಕ್ಕೆ ಕೈಹಾಕಿದರು. 1987ರ ಮಾರ್ಚ್‌ನಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಸ್ಯಾಮ್ ಷುಲ್ಟ್ಸ್ ಕರೆದ ಸಭೆಯಲ್ಲಿ ಈ ಪೈಪುಗಳ ಭಾಷೆ ಎಚ್‌ಎಲ್ 7 ಹುಟ್ಟಿತು. ಏಳು ಅಂದರೆ ಕಂಪ್ಯೂಟರ್ ಜಾಲದ ಏಳು ಪದರಗಳಲ್ಲಿ ಮೇಲಿನದು. ತಂತಿ ಹೇಗೆ, ವಿದ್ಯುತ್ತು ಹೇಗೆ ಎಂಬುದನ್ನೆಲ್ಲ ಕೆಳಗಿನ ಆರಕ್ಕೆ ಬಿಟ್ಟು, ಆಡಿದ ಮಾತನ್ನಷ್ಟೇ ನೋಡಿಕೊಳ್ಳುವ ಮಹಡಿ ಅದು.

ಮೆಮೊರಿ ದುಬಾರಿ, ತಂತಿ ನಿಧಾನ. ಹಾಗಾಗಿ ಒಂದಕ್ಷರದ ಪೈಪು. ಅಗ್ಗದ ಏರ್ಪಾಡು, ಗಟ್ಟಿಮುಟ್ಟು. ಅದರ ಜೊತೆ ಝಡ್ ಅಕ್ಷರದಿಂದ ಶುರುವಾಗುವ ಸಾಲನ್ನು ಯಾರು ಬೇಕಾದರೂ ತಮಗೆ ತೋಚಿದಂತೆ ಬರೆದುಕೊಳ್ಳಬಹುದು ಎಂಬ ಸ್ವಾತಂತ್ರ್ಯ. ಆ ಸ್ವಾತಂತ್ರ್ಯದಿಂದಲೇ ಆಸ್ಪತ್ರೆಗಳು ಇದನ್ನು ಒಪ್ಪಿದವು. ನಮ್ಮಂಥವರಿಗೆ ವರ್ಷಗಟ್ಟಲೆ ಸಂಬಳ ಬಂದದ್ದೂ ಅದರಿಂದಲೇ: ಒಂದು ಆಸ್ಪತ್ರೆಯ ಝಡ್ ಸಾಲು ಇನ್ನೊಂದಕ್ಕೆ ಅರ್ಥವಾಗಬೇಕಲ್ಲ!

ಒಂದು ರಾತ್ರಿ ಪಾಳಿಯಲ್ಲಿ ಒಂದು ಲ್ಯಾಬ್ ವರದಿ ಮುಗ್ಗರಿಸಿತು. ಅತ್ತ ಯಾರೋ ಟಿಪ್ಪಣಿ ಟೈಪು ಮಾಡುವಾಗ ವಾಕ್ಯದ ನಡುವೆ ಒಂದು ಪೈಪು ಒತ್ತಿದ್ದರು. ಹಾಗೆ ಬಂದ ಪೈಪನ್ನು ಬೇರೆ ಗುರುತಿಗೆ ಬದಲಿಸಿ ಕಳಿಸಬೇಕೆಂಬ ನಿಯಮವಿದೆ. ಕಳಿಸುವ ತಂತ್ರಾಂಶ ಅದನ್ನು ಪಾಲಿಸಿರಲಿಲ್ಲ. ವಾಕ್ಯದ ಅರ್ಧ ಫಲಿತಾಂಶದ ಜಾಗದಲ್ಲಿ ಕೂತಿತು, ಉಳಿದರ್ಧ ಪಕ್ಕದ ಮನೆಗೆ ಹೋಗಿ “ಮಿಲಿಗ್ರಾಂ” ಇರಬೇಕಾದಲ್ಲಿ ಕೂತಿತು. ಪೈಪು ಎಣಿಸಿ ಎಣಿಸಿ ನನಗೆ ಬೆಳಗಿನ ಜಾವ ನಾಲ್ಕಾಯಿತು.

ದಾಖಲಾದರು, ರಕ್ತ ಕೊಟ್ಟರು, ವಾರ್ಡು ಬದಲಾಯಿತು ಎಂಬ ತುಂಡು ಸುದ್ದಿಗೆ ಪೈಪು ಸಾಕು. ಡಿಸ್ಚಾರ್ಜ್ ಸಮ್ಮರಿ ಹಾಗಲ್ಲ, ಅದು ಒಬ್ಬ ವೈದ್ಯ ಇನ್ನೊಬ್ಬ ವೈದ್ಯನಿಗೆ ಬರೆದ ಕಾಗದ. ಅದನ್ನು ಸಾಲು ಸಾಲಾಗಿ ಕತ್ತರಿಸಿ ಪೈಪುಗಳ ನಡುವೆ ತುರುಕುತ್ತಿದ್ದೆವು, ರೇಷ್ಮೆ ಸೀರೆ ಹರಿದು ದಿಂಬಿಗೆ ತುಂಬಿದ ಹಾಗೆ.

ಇದಕ್ಕೆ ಬೇಕಾದ ಉಪಾಯ ಅಷ್ಟರಲ್ಲಾಗಲೇ ಬೇರೊಂದು ಕಸುಬಿನಲ್ಲಿ ಸಿದ್ಧವಾಗಿತ್ತು, ವಕೀಲಿಕೆಯಲ್ಲಿ. 1969ರಲ್ಲಿ ಐಬಿಎಂನಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್, ರೇಮಂಡ್ ಲೋರಿ ಎಂಬ ಮೂವರು ವಕೀಲರ ಕಚೇರಿಯ ಕಡತಗಳನ್ನು ಕಂಪ್ಯೂಟರಿಗೆ ತರಲು ಒಂದು ಪದ್ಧತಿ ಮಾಡಿದರು. ಗೋಲ್ಡ್‌ಫಾರ್ಬ್ ಸ್ವತಃ ವಕೀಲ. ಪದ್ಧತಿಗೆ ಇಟ್ಟ ಹೆಸರು ಜಿಎಂಎಲ್. ಮೂವರ ಹೆಸರಿನ ಮೊದಲಕ್ಷರಗಳೇ ಅದರಲ್ಲಿ ಜಾಣತನದಿಂದ ಕೂತಿವೆ. ಅಕ್ಷರ ದಪ್ಪವೋ ತೆಳುವೋ ಎಂದು ಹೇಳಬೇಡ, ಅದು ಏನು ಎಂದು ಹೇಳು ಎಂಬುದು ಅವರ ತತ್ವ. ಲಗ್ನಪತ್ರಿಕೆಯಲ್ಲಿ ದೊಡ್ಡಕ್ಷರದಲ್ಲಿರುವುದು ವಧೂವರರ ಹೆಸರು ಎಂದು ನಮಗೆ ಗೊತ್ತು. ಯಂತ್ರಕ್ಕೆ ಕಾಣುವುದು ದೊಡ್ಡಕ್ಷರ ಮಾತ್ರ. ಹೆಸರಿನ ಮೊದಲು <ವರ> ಎಂದೂ ಮುಗಿದ ಮೇಲೆ </ವರ> ಎಂದೂ ಚೀಟಿ ಅಂಟಿಸಿದರೆ ಅಚ್ಚಿನ ಅಂದಚೆಂದದ ಹಂಗಿಲ್ಲ. ಆ ಚೀಟಿಯೇ ಟ್ಯಾಗು. 1986ರಲ್ಲಿ ಇದು ಎಸ್‌ಜಿಎಂಎಲ್ ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು. ಇದರ ಹಗುರ ರೂಪ ಎಕ್ಸ್‌ಎಂಎಲ್ ಬಂದದ್ದು 1998ರ ಫೆಬ್ರವರಿಯಲ್ಲಿ.

ಅದಕ್ಕೆ ಏಳು ತಿಂಗಳು ಮೊದಲು, 1997ರ ಜುಲೈನಲ್ಲಿ, ನ್ಯೂ ಹ್ಯಾಂಪ್‌ಶೈರ್‌ನ ವಿನಿಪಸಾಕಿ ಸರೋವರದ ದಂಡೆಯ ಕೋನಾ ಮ್ಯಾನ್ಷನ್ ಎಂಬ ಹಳೆಯ ಹೋಟೆಲಿನಲ್ಲಿ ಎಚ್‌ಎಲ್ 7ರ ಒಂದು ಸಣ್ಣ ಗುಂಪು ವೈದ್ಯರ ಕಾಗದಕ್ಕೂ ಟ್ಯಾಗು ಅಂಟಿಸುವ ದಾರಿ ಹುಡುಕುತ್ತಾ ಕೂತಿತು. (ಹವಾಯಿಯ ಕಾಫಿಯ ಕೋನಾ ಅಲ್ಲ. ನಾನು ಬಹಳ ವರ್ಷ ಹಾಗೇ ತಿಳಿದು, ಅಂಥ ಮೀಟಿಂಗಿಗೆ ನಮ್ಮನ್ನು ಯಾರೂ ಕರೆಯಲಿಲ್ಲವಲ್ಲ ಎಂದು ಹೊಟ್ಟೆ ಉರಿದುಕೊಂಡಿದ್ದೆ.) ಅಲ್ಲಿ ಮೂಡಿದ ಕರಡಿಗೆ ಆ ಮನೆಯ ಹೆಸರೇ ನಿಂತಿತು: ಕೋನಾ ಆರ್ಕಿಟೆಕ್ಚರ್. ಆಮೇಲೆ ಹೆಸರು ಬದಲಾಗುತ್ತಾ ಹೋಗಿ, 2000ದ ನವೆಂಬರ್‌ನಲ್ಲಿ ಅಮೆರಿಕದ ಮಾನದಂಡ ಸಂಸ್ಥೆಯ ಮುದ್ರೆ ಬೀಳುವಾಗ ಸಿಡಿಎ ಆಯಿತು. ವೈದ್ಯ ರಾಬರ್ಟ್ ಡೋಲಿನ್, ಕಡತಗಳ ಕಟ್ಟಡ ಬಲ್ಲ ಲಿಯೋರಾ ಆಲ್ಶುಲರ್ ಇದರ ಹಿಂದಿದ್ದವರಲ್ಲಿ ಮುಖ್ಯರು.

ಈ ಇಡೀ ಇತಿಹಾಸದಲ್ಲಿ ನನಗೆ ಕೈಮುಗಿಯಬೇಕು ಅನ್ನಿಸುವುದು ಸಿಡಿಎಯ ಒಂದೇ ಒಂದು ಕಟ್ಟಳೆಗೆ. ಕಡತಕ್ಕೆ ತಲೆ, ಒಡಲು ಎಂದು ಎರಡು ಭಾಗ. ತಲೆಯಲ್ಲಿ ಯಾರ ಬಗ್ಗೆ, ಯಾರು ಬರೆದದ್ದು, ಯಾವಾಗ ಎಂಬ ವಿವರ. ಒಡಲಿನಲ್ಲಿ ವೈದ್ಯರ ಮಾತು, ಮನುಷ್ಯ ಓದುವಂತೆ. ಬಿಪಿ ಇಷ್ಟು, ಔಷಧಿ ಇಂಥದ್ದು ಎಂದು ಯಂತ್ರಕ್ಕಾಗಿ ಕೋಡು ಹಾಕಿ ಕೊಡುವುದು ಎಷ್ಟಾದರೂ ಇರಲಿ, ಇಲ್ಲದೆಯೂ ಇರಲಿ. ಆದರೆ ಯಾವ ಊರಿನ ಯಾವ ತಂತ್ರಾಂಶವೇ ಇದನ್ನು ಪಡೆಯಲಿ, ಒಂದು ಸಾಮಾನ್ಯ ಬ್ರೌಸರಿನಲ್ಲಿ ತೆರೆದರೆ ವೈದ್ಯ ಅದನ್ನು ಓದುವಂತಿರಬೇಕು. ವೈದ್ಯ ಸಹಿ ಹಾಕಿದ್ದು ಆ ಓದುವ ಮಾತಿಗೆ. ಯಂತ್ರಗಳ ಮಾತುಕತೆಯ ಹುಮ್ಮಸ್ಸಿನಲ್ಲಿ ತೇಲುತ್ತಿದ್ದ ಕಾಲದಲ್ಲಿ, ಇತ್ತ ಮನುಷ್ಯನ ಒಂದು ವಾಕ್ಯಕ್ಕೆ ಜಾಗ ಕಾದಿರಿಸಿದರಲ್ಲ, ಅದು ಸಣ್ಣ ವಿವೇಕವಲ್ಲ.

ಅದೇ ಹುಮ್ಮಸ್ಸಿನಲ್ಲಿ ಹುಟ್ಟಿದ ಎಚ್‌ಎಲ್ 7ರ ಮೂರನೆಯ ಆವೃತ್ತಿಗೆ ಆ ವಿವೇಕ ಇರಲಿಲ್ಲ. ವೈದ್ಯಲೋಕದ ಸಕಲವನ್ನೂ ಕ್ರಿಯೆ, ವಸ್ತು, ಪಾತ್ರ, ಪಾಲ್ಗೊಳ್ಳುವಿಕೆ ಎಂಬ ಕೆಲವೇ ಡಬ್ಬಿಗಳಲ್ಲಿ ಹಿಡಿಯಲು ಹೊರಟ ಮಹಾಕಾವ್ಯ ಅದು. ಅದರ ದಸ್ತಾವೇಜು ಓದಿ ಎದ್ದವರು ನಮ್ಮ ಟೀಮಿನಲ್ಲಿ ಯಾರೂ ಇರಲಿಲ್ಲ. 2005ರ ಸಿಡಿಎ ಎರಡನೆಯ ಆವೃತ್ತಿ ಅದರ ಮೇಲೆಯೇ ನಿಂತಿತು, ಹಾಗಾಗಿ ನಾವೂ ಕಲಿತೆವು. 2.16.840.1.113883: ಬಾಯಿಪಾಠ ಬರುವ ನನ್ನ ಹಳೆಯ ಲ್ಯಾಂಡ್‌ಲೈನ್ ನಂಬರಿನಂತೆ ಈ ಸಂಖ್ಯೆ ಈಗಲೂ ನಾಲಗೆಯ ಮೇಲಿದೆ. ಅದು ಎಚ್‌ಎಲ್ 7ರ ಗುರುತು. ನಡುವಿನ 840 ಅಮೆರಿಕ. ಇದರ ಬಾಲಕ್ಕೆ 6.1 ಸೇರಿಸಿದರೆ ಲೋಯಿಂಕ್, ಅಂದರೆ ಇಂಡಿಯಾನಾಪೊಲಿಸ್‌ನಲ್ಲಿ 1994ರಲ್ಲಿ ಕ್ಲೆಮ್ ಮೆಕ್‌ಡೊನಾಲ್ಡ್ ಮತ್ತವರ ಜೊತೆಗಾರರು ಶುರುಮಾಡಿದ ಪರೀಕ್ಷೆಗಳ ಕೋಡುಪಟ್ಟಿ. ಅಲ್ಲಿ 8480-6 ಎಂದರೆ ಬಿಪಿಯ ಮೇಲಿನ ಅಂಕಿ. “ಬಿಪಿ 132” ಎಂಬ ಒಂದು ಮಾತಿಗೆ ಹತ್ತು ಸಾಲಿನ ಟ್ಯಾಗು.

2009ರಲ್ಲಿ ಅಮೆರಿಕ ಸರಕಾರ ಕಾನೂನು ಮಾಡಿ, ವಿದ್ಯುನ್ಮಾನ ದಾಖಲೆಗೆ ಬದಲಾಗುವ ವೈದ್ಯರಿಗೂ ಆಸ್ಪತ್ರೆಗಳಿಗೂ ಪ್ರೋತ್ಸಾಹಧನ ಕೊಡಲು ಹೊರಟಿತು. ಮುಂದಿನ ಹಂತದಲ್ಲಿ ಸಿಡಿಎ ಕಡತ ಹಂಚಿಕೊಳ್ಳುವುದೂ ಷರತ್ತಾಯಿತು. ಎಲ್ಲರೂ ಒಂದೇ ಮಾನದಂಡ, ಇನ್ನು ನಮ್ಮ ಕೆಲಸ ಹೋಯಿತು ಅಂದುಕೊಂಡೆವು. ಹೋಗಲಿಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ 21 ತಂತ್ರಾಂಶಗಳ ಕಡತಗಳನ್ನು ತೆರೆದು ನೋಡಿ, ತಪ್ಪು ಮತ್ತು ವ್ಯತ್ಯಾಸ ಎಲ್ಲ ಸೇರಿ 615 ಪಟ್ಟಿ ಮಾಡಿತು. ವ್ಯಾಕರಣ ಒಂದೇ, ಆಡುಮಾತು ಮಾತ್ರ ಮಂಗಳೂರಿನದೊಂದು, ಕಲಬುರಗಿಯದೊಂದು.

ಅಷ್ಟರಲ್ಲಿ ಆಸ್ಟ್ರೇಲಿಯಾದ ಗ್ರಹಾಮ್ ಗ್ರೀವ್ ಎಂಬಾತ 2011ರಲ್ಲಿ ಮಹಾಕಾವ್ಯವನ್ನು ಬದಿಗಿಟ್ಟು ಬಿಡಿ ಪದ್ಯಗಳಂತೆ ಹೊಸ ಕರಡು ಬರೆದಿದ್ದರು. ರೋಗಿ ಒಂದು ತುಂಡು, ಔಷಧಿ ಚೀಟಿ ಒಂದು ತುಂಡು, ಲ್ಯಾಬ್ ಫಲಿತಾಂಶ ಒಂದು ತುಂಡು. ವೆಬ್ ಪುಟ ಕೇಳಿದಷ್ಟೇ ಸಲೀಸಾಗಿ ಕೇಳಿ ಪಡೆಯಬಹುದು. ಅದು ಎಫ್‌ಎಚ್‌ಐಆರ್, ಉಚ್ಚಾರ “ಫೈರ್”. ಎಕ್ಸ್‌ಎಂಎಲ್ ಜೊತೆಗೆ ಈಗಿನ ಹುಡುಗರಿಗೆ ಪ್ರಿಯವಾದ ಜೇಸನ್ ರೂಪವೂ ಇದೆ. ಅದರಲ್ಲಿ ಟ್ಯಾಗು ಇಲ್ಲ, ಬರೀ ಹೂವಿನ ಆವರಣ. ಟ್ಯಾಗಿನ ಕಾಲ ಮುಗಿಯಿತು ಎಂದು ನಮ್ಮ ಆಫೀಸಿನ ಹೊಸ ಹುಡುಗನೊಬ್ಬ ಹೇಳಿದ. ಒಂದು ಜೇಸನ್ ಕಡತ ತೆಗೆದು ಅವನಿಗೆ ತೋರಿಸಿದೆ. “ಟೆಕ್ಸ್ಟ್” ಎಂಬ ಭಾಗದೊಳಗೆ ಮನುಷ್ಯ ಓದುವ ಸಾರಾಂಶ, ಅದೇ < ಮತ್ತು > ನಡುವೆ ಕೂತಿತ್ತು. ಕೋನಾ ಮನೆಯ ಕಟ್ಟಳೆ ಅಲ್ಲಿಗೂ ಬಂದಿದೆ.

ನಮ್ಮ ದೇಶದಲ್ಲಿ ವಿದ್ಯುನ್ಮಾನ ಆರೋಗ್ಯ ದಾಖಲೆಯ ಮಾನದಂಡಗಳು ಮೊದಲು ಬಂದದ್ದು 2013ರಲ್ಲಿ, 2016ರಲ್ಲಿ ಪರಿಷ್ಕಾರವಾದವು. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಹರಡಿತು. ಅದರ ಒಳಗಿನ ಭಾಷೆ ಫೈರ್‌ನ ನಾಲ್ಕನೆಯ ಆವೃತ್ತಿ. ಭಾರತಕ್ಕೆ ತಕ್ಕಂತೆ ಅದನ್ನು ಹೊಲಿದುಕೊಟ್ಟದ್ದು ಪುಣೆಯ ಸಿಡ್ಯಾಕ್‌ನಲ್ಲಿರುವ ಕೇಂದ್ರ. ಇಪ್ಪತ್ತು ವರ್ಷ ಪರದೇಶದವರ ಕಾಯಿಲೆಯ ಪೈಪು ಎಣಿಸಿದ ನನಗೆ, ನಮ್ಮವರ ಕಾಯಿಲೆ ಅದೇ ಭಾಷೆಯಲ್ಲಿ ಓಡಾಡುವುದು ನೋಡುವ ಆಸೆ ಇತ್ತು.

ಕಳೆದ ವರ್ಷ ಅಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಸಂಜೆ ಆಸೆ ಈಡೇರಿತು. ಆ ಮಿಷನ್‌ನಲ್ಲಿ ಅವರಿಗೆ ಸಿಕ್ಕ ಹದಿನಾಲ್ಕು ಅಂಕಿಯ ಆಭಾ ಎಂಬ ಆರೋಗ್ಯ ಸಂಖ್ಯೆಗೆ ಡಿಸ್ಚಾರ್ಜ್ ಸಮ್ಮರಿ ಬಂದಿತ್ತು. ಒಳಗಿದ್ದದ್ದು ಸ್ಕ್ಯಾನ್ ಮಾಡಿದ ಕಾಗದವೇ, ಪಿಡಿಎಫ್ ಆಗಿ. ಅದಕ್ಕೂ ಮಾನದಂಡದಲ್ಲಿ ಅವಕಾಶವಿದೆ, ತಕರಾರಿಲ್ಲ. ನನ್ನ ಕಣ್ಣು ಹೋದದ್ದು ಹೆಸರಿನ ಮೇಲೆ. ಫೈರ್‌ನಲ್ಲಿ ಮನೆತನದ ಹೆಸರು ಕಡ್ಡಾಯವಲ್ಲ. ಹೆಸರನ್ನು ಇಡಿಯಾಗಿ, ಬಾಯಲ್ಲಿ ಹೇಳುವ ಹಾಗೆಯೇ ಬರೆಯಲು ಬೇರೊಂದು ಜಾಗವೂ ಇದೆ. ಆದರೂ ಅಮ್ಮನ ಹೆಸರಿನ ಕೊನೆಯಲ್ಲಿ, ಮನೆತನದ ಹೆಸರಿನ ಸ್ಥಾನದಲ್ಲಿ, ಒಂದು ಚುಕ್ಕೆ.

ಮಾರನೆಯ ವಾರ ತಪಾಸಣೆಗೆ ಹೋದಾಗ ಕೌಂಟರಿನ ಹುಡುಗನನ್ನು ಕೇಳಿದೆ. ಅವನು ಪರದೆ ನನ್ನ ಕಡೆಗೆ ತಿರುಗಿಸಿ ಕೆಂಪು ನಕ್ಷತ್ರದ ಗುರುತು ತೋರಿಸಿದ. “ಅಲ್ಲಿ ಏನಾದ್ರೂ ಒಂದು ಹಾಕ್ಲೇಬೇಕು ಮೇಡಂ, ಇಲ್ಲಾಂದ್ರೆ ಮುಂದಕ್ಕೆ ಹೋಗಲ್ಲ. ಎಲ್ಲಾ ಅಜ್ಜಿಯರಿಗೂ ಚುಕ್ಕೇನೇ ಹಾಕೋದು.”