ಹಾಡು ನಮ್ಮದು, ಹೆಸರು ಯಾರದು?

ಪೋಸ್ಟು ಉದ್ದ ಐತಿ. ಹಾಡು ಕಟ್ಟೋರು, ಹಲಗಿ ಬಾರಿಸೋರು, ಡಮಾಮಿ ಬಾರಿಸೋರು, ಮೊಬೈಲಿನಾಗ ಹಾಡು ಬಿಡೋ ಹುಡುಗ್ರು ಮಾತ್ರ ಕೊನೇತನಕ ಓದ್ರಿ.

ಈ ಸಲದ ಜಯಂತಿಗೆ ಹಳಿಯಾಳ ಕಡೆಯ ನಮ್ಮ ಹುಡುಗನೊಬ್ಬ ಬಾಬಾಸಾಹೇಬರ ಮೇಲೆ ಒಂದು ಹಾಡು ಮಾಡಿದ. ಬರೆದವನು ಅವನೇ, ರಾಗ ಹಾಕಿದವನು ಅವನೇ, ಹಾಡಿದವನೂ ಅವನೇ. ಹಲಗಿ ಬಾರಿಸಿದ್ದು ಅವನ ಸೋದರಮಾವ. ಗುತ್ತಿಗೆ ಕೆಲಸದ ಪಗಾರದಲ್ಲಿ ಉಳಿಸಿದ ಹನ್ನೆರಡು ಸಾವಿರ ಕೊಟ್ಟು ಒಂದು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿದ. ಏಪ್ರಿಲ್ 14ರ ಮೆರವಣಿಗೆಯಲ್ಲಿ ನಾವೆಲ್ಲ ಅದಕ್ಕೇ ಕುಣಿದಿವಿ. ಮುಂದಿನ ವಾರ ಹುಡುಗ ಫೋನ್ ಮಾಡಿದ.

"ಅಣ್ಣಾ, ಸ್ಟುಡಿಯೋದವ್ರು ಹಾಡು ತಮ್ಮ ಚಾನೆಲ್ಲಿಗೆ ಹಾಕ್ಯಾರ. ನಾ ನನ್ನ ಚಾನೆಲ್ಲಿಗೆ ಹಾಕಿದ್ರ ನನಗ ಕಾಪಿರೈಟ್ ನೋಟಿಸು ಬಂದದ."

"ಕಾಗದ ಏನಾದ್ರೂ ಮಾಡಿಸ್ಕೊಂಡಿಯೇನೋ ತಮ್ಮಾ?"

"ಇಲ್ಲಣ್ಣಾ. ಒಳ್ಳೇ ಮಂದಿ ಅನ್ಕೊಂಡಿದ್ದೆ."

ನಾನು ಆಫೀಸಿನಲ್ಲಿ ಗುಮಾಸ್ತ. ದಿನವಿಡೀ ಆವಕ-ಜಾವಕ ವಹಿ ಬರೆಯೋನು. ಹೆಸರು, ಊರು, ಸಹಿ ಇಲ್ಲದ ಅರ್ಜಿಗೆ ನಮ್ಮಲ್ಲಿ ನಂಬರೇ ಬೀಳೂದಿಲ್ಲ. ಆ ಹುಡುಗನ ಮಾತು ಕೇಳಿದಾಗ ನನಗೆ ಅನಿಸಿದ್ದು ಇಷ್ಟೇ: ಇದು ಅವನೊಬ್ಬನ ಕಥೆ ಅಲ್ಲ, ನಮ್ಮ ಹಾಡಿನ ಇತಿಹಾಸವೇ ಹಿಂಗ ಐತಿ. ಧ್ವನಿ ನಮ್ಮದು ಉಳಿದಿದೆ, ಹೆಸರು ಹೋಗಿದೆ.

ಈಗ 'ಇಂಡಿಪೆಂಡೆಂಟ್ ಆರ್ಟಿಸ್ಟ್' ಅನ್ನೋ ಮಾತು ಬಂದದ. ಕಂಪನಿ ಇಲ್ಲದೆ ತನ್ನ ಹಾಡನ್ನು ತಾನೇ ಬಿಡುಗಡೆ ಮಾಡೋನು ಅಂತ ಅರ್ಥ. ಹಂಗಾದ್ರೆ ನಮ್ಮ ಮಂದಿ ಯಾವಾಗ ಇಂಡಿಪೆಂಡೆಂಟ್ ಆಗಿರಲಿಲ್ಲ? ನಮ್ಮನ್ನು ಯಾವ ಕಂಪನಿ ಕರೆದಿತ್ತು? ಕೇರಿಯೇ ನಮ್ಮ ಸ್ಟುಡಿಯೋ, ಜಾತ್ರೆಯೇ ನಮ್ಮ ಬಿಡುಗಡೆ.

ಹೆಸರು ಉಳಿಸೋ ವಿದ್ಯೆ ನಮ್ಮ ಹಿರಿಯರಿಗೆ ಗೊತ್ತಿತ್ತು. ಅದಕ್ಕೆ ಅಂಕಿತ ಅಂತಾರ. ಹನ್ನೆರಡನೇ ಶತಮಾನದಲ್ಲಿ ಮಾದಾರ ಚೆನ್ನಯ್ಯ ತನ್ನ ಉಳಿ, ಅಡಿಗುಂಟವನ್ನೇ ಅಂಕಿತದೊಳಗೆ ಇಟ್ಟ. ಚಪ್ಪಲಿ ಹೊಲಿಯುವ ಹತ್ಯಾರವೇ ಸಹಿ. ಕಾಳವ್ವೆ ಉರಿಲಿಂಗಪೆದ್ದಿಗಳ ಹೆಸರನ್ನು ಅಂಕಿತ ಮಾಡಿಕೊಂಡಳು, ಅದರಿಂದಲೇ ಇವತ್ತು ಅವಳ ವಚನ ಅವಳದು ಅಂತ ಗುರುತಾಗ್ತದೆ. ನಮ್ಮ ಮುಂಡಗೋಡದ ಗಡಿ ದಾಟಿದರೆ ಶಿಗ್ಗಾಂವಿ ತಾಲೂಕು, ಅಲ್ಲೇ ಶಿಶುನಾಳ. ಷರೀಫರು (1819–1889) ತಮ್ಮ ಊರನ್ನೇ ಅಂಕಿತ ಮಾಡಿಕೊಂಡರು. ಪದ ಎಷ್ಟು ಬಾಯಿ ದಾಟಿ ಹೋದ್ರೂ ಕೊನೇ ನುಡಿಯಲ್ಲಿ ಊರು ಬಂದೇ ಬರ್ತದೆ. ಲಾವಣಿ ಹಾಡೋರು, ಗೀಗೀ ಮೇಳದವರು ಕೂಡ ಕೊನೆಗೆ ಕವಿ ಹೆಸರು, ಊರು ಹೇಳಿಯೇ ಮುಗಿಸ್ತಾರೆ.

ರೆಕಾರ್ಡಿಂಗ್ ಬಂದ ಮೊದಲ ದಿನವೂ ಇದೇ ನಡೆದದ್ದು. 1902ರ ನವೆಂಬರಿನಲ್ಲಿ ಕಲ್ಕತ್ತಾದಲ್ಲಿ ಗ್ರಾಮೊಫೋನ್ ಕಂಪನಿಗೆ ಗೌಹರ್ ಜಾನ್ ಹಾಡಿದಳು. ಹಾಡು ಮುಗಿದ ಕೂಡಲೇ ಇಂಗ್ಲಿಷಿನಲ್ಲಿ ತನ್ನ ಹೆಸರು ಗಟ್ಟಿಯಾಗಿ ಹೇಳಿದಳು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ; ಅಲ್ಲಿಯವರಿಗೆ ಯಾರ ಹಾಡು ಅಂತ ತಿಳಿಯಲಿ ಅನ್ನೋದು ಕಾರಣ. ತವಾಯಿಫ್ ಅಂತ ಸಮಾಜ ಮೂಗು ಮುರಿಯುತ್ತಿದ್ದ ಹೆಂಗಸು, ಹೆಸರು ಹೇಳಿಕೊಂಡಳು, ಉಳಿದಳು.

ನಮ್ಮ ಹಲಗಿಯ ಕಥೆ ಬೇರೆ. ಊರಲ್ಲಿ ಹೆಣ ಬಿದ್ದರೆ, ಜಾತ್ರೆ ಬಂದರೆ, ಡಂಗುರ ಸಾರಬೇಕಾದರೆ 'ಹಲಗಿಯವನ್ನ ಕರೀರಿ' ಅಂತಿದ್ರು. ಅವನ ಹೆಸರು ಯಾರಿಗೂ ಬೇಕಿರಲಿಲ್ಲ, ಜಾತಿ ಹೆಸರು ಸಾಕಿತ್ತು. ಅದು ಕಲೆ ಅಲ್ಲ, ಬಿಟ್ಟಿ ಚಾಕರಿ. ಅದಕ್ಕೇ ನಮ್ಮ ಎಷ್ಟೋ ಹಿರಿಯರು ಹಲಗಿ ಕೆಳಗಿಟ್ಟರು. ಆ ಸಿಟ್ಟು ನ್ಯಾಯದ್ದು. ಅದೇ ಹಲಗಿ, ತಮಟೆ ಮುಂದೆ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಯ ತಲೆಗೆ ಬಂತು. ಯಜಮಾನರ ಹೆಣದ ಮುಂದೆ ಬಾರಿಸೂದು ಬೇರೆ, ನಮ್ಮ ನ್ಯಾಯಕ್ಕೆ ನಾವು ಬಾರಿಸೂದು ಬೇರೆ.

ಇನ್ನೊಂದು ಧಾರೆ ನಮಗೆ ಮುಂಬೈ ಕಡೆಯಿಂದ ಬಂತು. 1862ರಿಂದ 1956ರ ತನಕ ನಮ್ಮ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು. ಹಳಿಯಾಳದಲ್ಲಿ ಇವತ್ತೂ ಮನೆಮನೆಯಲ್ಲಿ ಮರಾಠಿ ಕೇಳ್ತದೆ. ಹಂಗಾಗಿ ಬಾಬಾಸಾಹೇಬರ ಚಳವಳಿಯ ಹಾಡು ನಮ್ಮಲ್ಲಿ ಮೊದಲು ಮರಾಠಿಯಲ್ಲೇ ಬಂದದ್ದು.

ಬಾಬಾಸಾಹೇಬರೇ ನಮ್ಮ ಮೊದಲ ಸ್ವತಂತ್ರ ಪ್ರಕಾಶಕ ಅಂತ ನಾನು ಹೇಳ್ತೀನಿ. 1920ರ ಜನವರಿ 31ಕ್ಕೆ 'ಮೂಕನಾಯಕ' ಶುರು ಮಾಡಿದರು. ಕೊಲ್ಲಾಪುರದ ಶಾಹೂ ಮಹಾರಾಜರು 2,500 ರೂಪಾಯಿ ಕೊಟ್ಟರು. ದುಡ್ಡು ಕೊಡ್ತೀವಿ, ಜಾಹೀರಾತು ಹಾಕ್ರಿ ಅಂದ್ರೂ 'ಕೇಸರಿ' ಪತ್ರಿಕೆ ಹಾಕಲಿಲ್ಲ. ಇವತ್ತು ನಮ್ಮ ಹುಡುಗ್ರು 'ಪ್ರಮೋಷನ್ ಸಿಗವಲ್ದು ಅಣ್ಣಾ' ಅಂದಾಗ ನನಗೆ ಇದೇ ನೆನಪಾಗ್ತದೆ. ಬೇರೆಯವರ ಪತ್ರಿಕೆಯಲ್ಲಿ ಜಾಗ ಸಿಗದಿದ್ರೆ ಅವರು ಸುಮ್ಮನೆ ಕೂಡಲಿಲ್ಲ, ಮುಂದೆ ತಮ್ಮದೇ ಮುದ್ರಣಾಲಯ ಕಟ್ಟಿದರು.

ಆ ಚಳವಳಿಯ ಜೊತೆಗೆ ಭೀಮರಾವ್ ಕರ್ಡಕರಂಥವರ ಜಲಸಾ ಮೇಳಗಳು ಊರೂರು ತಿರುಗಿದವು. ಬಾಬಾಸಾಹೇಬರ ಹತ್ತು ಸಭೆಗೆ ಒಂದು ಜಲಸಾ ಸಮ ಅನ್ನೋ ಮಾತು ಇವತ್ತೂ ಓಡಾಡ್ತದೆ. ಆಮೇಲೆ ವಾಮನದಾದಾ ಕರ್ಡಕ್ (1922–2004) ಬಂದರು. ನಾಸಿಕ ಜಿಲ್ಲೆಯ ಹಳ್ಳಿಯವರು. ಅಕ್ಷರ ಕಲಿತದ್ದೇ ದೊಡ್ಡವರಾದ ಮೇಲೆ, ಬರೆದದ್ದು ಸಾವಿರಾರು ಹಾಡು. ಹಾಡಿನೊಳಗೆ 'ವಾಮನ' ಅಂತ ತಮ್ಮ ಹೆಸರು ಸೇರಿಸೋದು ಅವರ ರೂಢಿ. ನೋಡ್ರಿ, ಮತ್ತೆ ಅದೇ ಅಂಕಿತ.

ಕನ್ನಡದಲ್ಲಿ 1975ಕ್ಕೆ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಅದರ ಪದಗಳು ಪುಸ್ತಕದಿಂದ ಎದ್ದು ಬೀದಿಗೆ ಬಂದವು. ನಾನು ಕಾಲೇಜಿಗೆ ಬರೋ ಹೊತ್ತಿಗೆ ಜಾಥಾಗಳಲ್ಲಿ ಅವನ್ನೇ ಹಾಡ್ತಿದ್ದಿವಿ. ಒಂದು ಸತ್ಯ ಹೇಳಬೇಕು: ಬರೆದವರು ಯಾರು ಅಂತ ನಮ್ಮಲ್ಲಿ ಅರ್ಧ ಮಂದಿಗೆ ಗೊತ್ತಿರಲಿಲ್ಲ. 'ಚಳವಳಿ ಹಾಡು' ಅಂತಿದ್ದಿವಿ. ಹಾಡು ಎಲ್ಲರದಾಯ್ತು ಅನ್ನೋದು ಹೆಮ್ಮೆಯೇ. ಆದರೆ ರಾಗ ಹಾಕಿದವರು, ಮೊದಲು ಹಾಡಿದವರು ಎಷ್ಟೋ ಮಂದಿ ಅದರಲ್ಲೇ ಕಳೆದುಹೋದರು.

ಆಮೇಲೆ ಕ್ಯಾಸೆಟ್ ಕಾಲ. 1978ರಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಕ್ಯಾಸೆಟ್ ಬಂದು ಕನ್ನಡದ ಭಾವಗೀತೆ ಮನೆಮನೆಗೆ ಹೋಯ್ತು. ಅಲ್ಲಿತನಕ ತಟ್ಟೆ ಅಂದ್ರೆ ಎಚ್‌ಎಂವಿ. 1980ರ ದಶಕದಲ್ಲಿ ಟೇಪ್‌ರೆಕಾರ್ಡರ್ ಅಗ್ಗ ಆಯ್ತು, ಸಣ್ಣ ಸಣ್ಣ ಕಂಪನಿ ಹುಟ್ಟಿದವು, ಪ್ರಾದೇಶಿಕ ಹಾಡಿಗೆ ಜಾಗ ಸಿಕ್ತು. ದಾಂಡೇಲಿಯಲ್ಲಿ 1955ರಲ್ಲಿ ಶುರುವಾದ ಕಾಗದ ಕಾರ್ಖಾನೆಗೆ ಎಲ್ಲೆಲ್ಲಿಂದಲೋ ಮಂದಿ ಬಂದಿದ್ರು, ಅವರ ಜೊತೆ ಅವರ ಹಾಡೂ ಬಂದವು. ನಮ್ಮ ಕಾಕಾ ಕೊಲ್ಲಾಪುರಕ್ಕೆ ಹೋದಾಗ ಭೀಮಗೀತೆ ಕ್ಯಾಸೆಟ್ ತರ್ತಿದ್ರು. ಒಂದು ಕ್ಯಾಸೆಟ್ ತಂದ್ರೆ ಇಡೀ ಓಣಿ ಖಾಲಿ ಕ್ಯಾಸೆಟ್ಟಿಗೆ ತುಂಬಿಸ್ಕೊಳ್ಳೋದು. ಮೇಲೆ ಪೆನ್ನಿನಲ್ಲಿ 'ಭೀಮಗೀತೆ – 1', 'ಭೀಮಗೀತೆ – 2' ಅಂತ ಬರೆದದ್ದು ನಾನೇ, ನನ್ನ ಅಕ್ಷರ ದುಂಡಗಿತ್ತು ಅಂತ. ಹಾಡಿದವರ ಹೆಸರು ಒಂದರ ಮೇಲೂ ಬರೀಲಿಲ್ಲ. ಹೆಸರು ಅಳಿಸಿದವರಲ್ಲಿ ನಾನೂ ಒಬ್ಬ. ಇವತ್ತು ಆ ಹುಡುಗನಿಗೆ ಬುದ್ಧಿ ಹೇಳೋ ಮುಂಚೆ ಇದನ್ನು ಒಪ್ಪಿಕೊಳ್ಳಬೇಕು.

ಈಗ ನಮ್ಮ ಸಿದ್ದಿ ಬಂಧುಗಳ ವಿಷಯ. ಹಳಿಯಾಳ, ಜೋಯಿಡಾ, ಮುಂಡಗೋಡ, ಯಲ್ಲಾಪುರದ ಕಾಡಂಚಿನ ಮಂದಿ. ಪೋರ್ಚುಗೀಸರ ಗೋವಾದಲ್ಲಿ ಗುಲಾಮರಾಗಿದ್ದು, ತಪ್ಪಿಸಿಕೊಂಡು ಘಟ್ಟ ಹತ್ತಿದವರ ಮಕ್ಕಳು. ಜಿಲ್ಲೆಯ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ. ಅವರ ಡಮಾಮಿ, ಪುಗಡಿ ನೋಡಿ ಎಲ್ಲರೂ ವಿಡಿಯೋ ಮಾಡ್ಕೊಂಡು ಹೋಗ್ತಾರೆ. ವಿಡಿಯೋದ ಕೆಳಗೆ 'ಆಫ್ರಿಕನ್ ಟ್ರೈಬಲ್ ಡಾನ್ಸ್, ದಾಂಡೇಲಿ' ಅಂತ ಇರ್ತದೆ. ಬಾರಿಸಿದವನ ಹೆಸರು? ಹಾಡಿದ ಅವ್ವನ ಹೆಸರು? ಊರು? ಯಾವುದೂ ಇಲ್ಲ.

ಇದಕ್ಕೆ ಎದುರಾಗಿ ಒಂದು ಒಳ್ಳೇ ಉದಾಹರಣೆಯೂ ಇದೆ. 2021ರ 'ಸಲಗ' ಸಿನಿಮಾದ 'ಟಿಣಿಂಗ ಮಿಣಿಂಗ ಟಿಶ್ಯಾ' ರಾಜ್ಯವೆಲ್ಲಾ ಕುಣಿಸಿತು. ಸಂಗೀತ ಚರಣ್ ರಾಜ್. ಅದರಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಮತ್ತು ಅವರ ಜೊತೆಯವರು ಹಾಡಿದರು. ಹೆಸರು ಬಂತು, ಅದಕ್ಕೇ ಮಂದಿ ಹುಡುಕಿಕೊಂಡು ಹೋದರು. ಆದ್ರೂ ಸಿನಿಮಾ ಹಾಡಿನ ರೆಕಾರ್ಡಿಂಗು ಸಾಮಾನ್ಯವಾಗಿ ದುಡ್ಡು ಹಾಕಿದವರದೇ ಆಗಿರ್ತದೆ. ಹೆಸರು ಒಂದು ಹಕ್ಕು, ಒಡೆತನ ಇನ್ನೊಂದು. ಎರಡನ್ನೂ ಕಲಸಬಾರದು.

ಪಕ್ಕದ ತಮಿಳುನಾಡಿನ ಪಾಠವನ್ನೂ ನೆನಪಿಡ್ರಿ. 2021ರ ಮಾರ್ಚಿನಲ್ಲಿ 'ಎಂಜಾಯ್ ಎಂಜಾಮಿ' ಬಂತು. ಧೀ ಮತ್ತು ಅರಿವು ಹಾಡಿದರು, ಸಂಗೀತ ಸಂತೋಷ್ ನಾರಾಯಣನ್. ಲಂಕೆಯ ಚಹಾ ತೋಟದಲ್ಲಿ ದುಡಿದ ಅರಿವು ಅವರ ಅಜ್ಜಿಯ ಬದುಕು ಅದರೊಳಗಿದೆ. ಅದೇ ವರ್ಷ ಆಗಸ್ಟಿನಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆಯ ಮುಖಪುಟದಲ್ಲಿ ಅರಿವು ಇರಲಿಲ್ಲ. ಪಾ. ರಂಜಿತ್ ಕೇಳಿದ ಮೇಲೆ ಗದ್ದಲ ಆಯ್ತು. 2022ರಲ್ಲಿ ಚೆನ್ನೈ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಹಾಡು ಇತ್ತು, ಅರಿವು ಇರಲಿಲ್ಲ. 2024ರಲ್ಲಿ ಸಂತೋಷ್ ನಾರಾಯಣನ್ ಅವರೇ ಈ ಹಾಡಿಂದ ತಮಗೆ ಒಂದು ಪೈಸೆಯೂ ಬಂದಿಲ್ಲ ಅಂದರು. ಕೋಟಿಗಟ್ಟಲೆ ಮಂದಿ ಕೇಳಿದ ಹಾಡಿನ ಗತಿಯೇ ಹಿಂಗಿದ್ರೆ, ನಮ್ಮ ಓಣಿಯ ಹಾಡಿಂದು ಏನು?

ಹೆಸರಿಗೆ ಬೆಲೆಯೂ ಇದೆ, ಅಪಾಯವೂ ಇದೆ. 2015ರ ಮೇ ತಿಂಗಳಲ್ಲಿ ಶಿರಡಿಯಲ್ಲಿ ಬಾಬಾಸಾಹೇಬರ ಹಾಡಿನ ರಿಂಗ್‌ಟೋನ್ ವಿಷಯಕ್ಕೆ ಜಗಳ ತೆಗೆದು ನಮ್ಮ ಹುಡುಗನೊಬ್ಬನನ್ನು ಕೊಂದ ಸುದ್ದಿ ನಿಮಗೆಲ್ಲ ನೆನಪಿರಬೇಕು. ನಮ್ಮ ಹಾಡು ಬರೀ ಮನರಂಜನೆ ಆಗಿದ್ರೆ ಯಾರು ಯಾಕೆ ಹೆದರ್ತಿದ್ರು?

ಈಗ ಹುಡುಗ್ರಿಗೆ ನೇರ ಮಾತು. ಆಫೀಸಿನವನು ಹೇಳ್ತಿದೀನಿ, ಬರೆದಿಟ್ಕೊಳ್ರಿ.

1. ಸ್ಟುಡಿಯೋ ಅಂದ್ರೆ ಬಾಡಿಗೆ ಜಾಗ. ಹಾಡು ಅವರದಾಗೂದಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ರೆಕಾರ್ಡಿಂಗಿನ ನಿರ್ಮಾಪಕ ಅಂದ್ರೆ ಮುಂದಾಳತ್ವ ಮತ್ತು ಜವಾಬ್ದಾರಿ ಹೊತ್ತವನು. ಮೈಕಿನ ಮಾಲೀಕ ಅಲ್ಲ. ಹಕ್ಕು ಬೇರೆಯವರಿಗೆ ಬರೆದುಕೊಡಬೇಕಂದ್ರೆ ಅದು ಲಿಖಿತದಲ್ಲೇ ಇರಬೇಕು, ಸಹಿ ಇರಬೇಕು. ಹಂಗಾಗಿ ಓದದೆ ಸಹಿ ಹಾಕಬೇಡ್ರಿ.

2. ರೆಕಾರ್ಡಿಂಗಿಗೆ ಮುಂಚೆ ಒಂದು ಹಾಳೆ ಬರೀರಿ: ಯಾರು ಬರೆದದ್ದು, ಯಾರ ರಾಗ, ಯಾರು ದುಡ್ಡು ಕೊಟ್ಟದ್ದು, ಎಷ್ಟು. ಇಬ್ಬರೂ ಸಹಿ ಮಾಡ್ರಿ. ದುಡ್ಡನ್ನು ಕೈಯಲ್ಲಿ ಕೊಡಬೇಡ್ರಿ, ಫೋನ್‌ಪೇ ಮಾಡ್ರಿ, ಗುರುತು ಉಳೀತದ. ಮೂಲ ಫೈಲು ಕೇಳಿ ತಗೊಳ್ರಿ.

3. ಮೊದಲು ನಿಮ್ಮ ಚಾನೆಲ್ಲಿಗೇ ಹಾಕ್ರಿ. ಕೆಳಗೆ ಹಲಗಿ ಬಾರಿಸಿದ ಮಾವನ ಹೆಸರು, ಕೋರಸ್ ಹಾಡಿದ ತಂಗಿಯರ ಹೆಸರು, ಊರು, ಎಲ್ಲಾ ಬರೀರಿ.

4. ನೋಂದಣಿ ಕಡ್ಡಾಯ ಅಲ್ಲ, ಹಾಡು ಹುಟ್ಟಿದಾಗಲೇ ಹಕ್ಕು ಹುಟ್ತದ. ಆದ್ರೆ ನೋಂದಣಿ ಸಾಕ್ಷಿ. ಸಾಹಿತ್ಯಕ್ಕೆ, ಸಂಗೀತಕ್ಕೆ ತಲಾ 500 ರೂಪಾಯಿ, ರೆಕಾರ್ಡಿಂಗಿಗೆ 2,000 ಶುಲ್ಕ. ಆನ್‌ಲೈನಿನಲ್ಲೇ ಅರ್ಜಿ.

5. ಬರೆದವರು, ರಾಗ ಹಾಕಿದವರು ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಬಹುದು. 2012ರ ತಿದ್ದುಪಡಿ ಅವರಿಗೆ ರಾಯಲ್ಟಿಯ ಹಕ್ಕನ್ನು ಗಟ್ಟಿ ಮಾಡಿದೆ.

6. ದುಡ್ಡಿನ ಕನಸು ಅಳತೆಯಲ್ಲಿರಲಿ. ಜಾಹೀರಾತಿನ ಪಾಲು ಸಿಗಬೇಕಂದ್ರೆ ಯೂಟ್ಯೂಬಿನಲ್ಲಿ 1,000 ಚಂದಾದಾರರು, ಜೊತೆಗೆ ವರ್ಷದಲ್ಲಿ 4,000 ಗಂಟೆ ನೋಡಿರಬೇಕು. ಸ್ಪಾಟಿಫೈ 2024ರಿಂದ ವರ್ಷಕ್ಕೆ 1,000 ಸಲ ಕೇಳದ ಹಾಡಿಗೆ ಏನೂ ಕೊಡೂದಿಲ್ಲ. ನಮ್ಮ ಪ್ರಮೋಷನ್ ನಮ್ಮ ಕ್ಯಾಲೆಂಡರಿನಲ್ಲೇ ಐತಿ: ಜನವರಿ 1, ಏಪ್ರಿಲ್ 14, ಡಿಸೆಂಬರ್ 6. ಡಿಜೆಯವನಿಗೆ ನಿಮ್ಮ ಹಾಡು ಕೊಡ್ರಿ, ಮೈಕಿನಲ್ಲಿ ನಿಮ್ಮ ಹೆಸರು ಕೂಗಿಸ್ರಿ.

7. ಹಿರಿಯರ ಪದ ಹಾಡಿದ್ರೆ 'ನನ್ನ ರಚನೆ' ಅನ್ನಬೇಡ್ರಿ. ಯಾವ ಊರಿನ ಯಾವ ಅಜ್ಜಿಯಿಂದ ಕಲಿತದ್ದು ಅಂತ ಹಾಕ್ರಿ. ಕಳ್ಳತನ ನಮ್ಮಿಂದಲೂ ಆಗಬಾರದು.

ಆ ಹುಡುಗನ ಹಾಡು? ದುಡ್ಡು ಕೊಟ್ಟ ಸ್ಕ್ರೀನ್‌ಶಾಟು, ಅವನು ಮೊದಲ ಸಲ ಗುನುಗಿ ಮಾವನಿಗೆ ಕಳಿಸಿದ ವಾಟ್ಸಾಪ್ ವಾಯ್ಸು, ಎಲ್ಲಾ ಸೇರಿಸಿ ನೋಟಿಸಿಗೆ ಉತ್ತರ ಕಳಿಸಿದಿವಿ. ಇವತ್ತಿನ ತನಕ ತೀರ್ಮಾನ ಬಂದಿಲ್ಲ. ಅಷ್ಟರಲ್ಲಿ ಅವನು ಇನ್ನೊಂದು ಹಾಡು ಕಟ್ಟಿದಾನ. ಮೊನ್ನೆ ಮನೆಗೆ ಬಂದು ಹಾಡಿ ತೋರಿಸಿದ. ಕೊನೇ ನುಡಿಯಲ್ಲಿ ತನ್ನ ಹೆಸರು, ತನ್ನ ಊರು, ಮಾವನ ಹಲಗಿ ಮೂರೂ ಸೇರಿಸಿದಾನ.

ಕೊನೆಗೆ ಒಂದು ಕೆಲಸ ನಿಮಗೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ನಿಮ್ಮ ನಿಮ್ಮ ಓಣಿಗಳಲ್ಲಿ ಹಲಗಿ, ಡಮಾಮಿ ಬಾರಿಸಿದ, ಪದ ಕಟ್ಟಿದ ಹಿರಿಯರು ಇದ್ದಾರಲ್ಲ, ಅವರ ಮನೆಗೆ ಹೋಗಿ ಒಪ್ಪಿಗೆ ಕೇಳಿ ಹಾಡು ರೆಕಾರ್ಡ್ ಮಾಡ್ಕೊಳ್ರಿ. ಹಾಡು ಮುಗಿದ ಮೇಲೆ ಬಂದ್ ಮಾಡಬೇಡ್ರಿ. 'ಅವ್ವಾ, ನಿನ್ನ ಹೆಸರು, ನಿನ್ನ ಊರು ಹೇಳು' ಅನ್ರಿ. ಅದನ್ನ ಹೇಳಿದ ಮೇಲೆ ಬಂದ್ ಮಾಡ್ರಿ.

ಜೈಭೀಮ್.